ಎರಡು ಮೂಟೆಯ ಲೆಕ್ಕ

2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಊಟ ಅರ್ಧಕ್ಕೇ ನಿಂತಿತು. ಮಗನದು ಒಂದು ಪಕ್ಷ, ಅಳಿಯನದು ಇನ್ನೊಂದು ಪಕ್ಷ. ಇದು ನಮ್ಮ ಮನೆಗೆ ಹೊಸದೇನಲ್ಲ. ಗ್ಯಾರಂಟಿ ಯೋಜನೆಗಳಿಂದ ಆರಂಭವಾದ ಮಾತು ಪೆಟ್ರೋಲಿನ ಬೆಲೆಗೆ ಬಂದು, ಅಲ್ಲಿಂದ ದೇಶದ ಸಾಲಕ್ಕೆ ಜಿಗಿಯಿತು. ಅಷ್ಟರವರೆಗೆ ನಾನು ಕೇಳುತ್ತಾ ಕುಳಿತಿದ್ದೆ. ಇಬ್ಬರ ಮಾತಿನಲ್ಲೂ ಒಪ್ಪತಕ್ಕ ಅಂಶಗಳಿದ್ದವು. ಅಷ್ಟರಲ್ಲಿ ನನ್ನ ಮಗ, "ನಿಮ್ಮ ಅಣ್ಣ ಸೊಸೈಟಿ ಸಾಲ ಕಟ್ಟಿದಾರಾ ಇಲ್ವಾ, ಅದನ್ನ ಮೊದಲು ನೋಡಿ ಭಾವ. ಆಮೇಲೆ ದೇಶದ ಸಾಲದ ಮಾತಾಡೋಣ" ಎಂದುಬಿಟ್ಟ.

ಅಳಿಯ ಏನೂ ಹೇಳಲಿಲ್ಲ. ತಟ್ಟೆಯಲ್ಲಿದ್ದ ಅನ್ನದ ಮೇಲೆ ಕೈ ಹಾಗೆಯೇ ನಿಂತಿತು. ಮಗಳು ಅಣ್ಣನ ಮುಖವನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ ಎದ್ದು ಅಡುಗೆಮನೆಗೆ ಹೋದಳು. ನಾನು ಎದ್ದು ಕೈ ತೊಳೆದು ಹೊರಗಿನ ಜಗಲಿಯಲ್ಲಿ ಕುಳಿತೆ. ಮಗನನ್ನು ಗದರಿಸಬೇಕಿತ್ತು, ನನ್ನಿಂದ ಆಗಲಿಲ್ಲ. ಏಕೆಂದರೆ ಆ ವಾಕ್ಯವನ್ನು ನಾನು ಮೊದಲೇ ಕೇಳಿದ್ದೆ. ಅದು ಮಗನ ಬಾಯಿಂದ ಬಂದರೂ ನನ್ನದೇ ವಾಕ್ಯವಾಗಿತ್ತು. ನಲವತ್ತಾರು ವರ್ಷಗಳ ಹಿಂದೆ, ಮಲೆನಾಡಿನ ಒಂದು ಸಣ್ಣ ಊರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತು, ನನ್ನ ಪ್ರಾಣಸ್ನೇಹಿತನ ಮುಖಕ್ಕೆ ನಾನು ಎಸೆದಂಥದ್ದು.

ಆ ಕಥೆಯನ್ನು ನನ್ನ ಮಕ್ಕಳಿಗೆ ನಾನು ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಊರು ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಸುತ್ತ ಕಾಫಿ ತೋಟಗಳು, ತಗ್ಗಿನಲ್ಲಿ ಗದ್ದೆಗಳು. ಬಸ್ಸು ನಿಲ್ಲುವ ಕಡೆ ಒಂದು ಹೋಟೆಲು. ಸಂಜೆಯಾಯಿತೆಂದರೆ ಊರಿನ ಹರೆಯದವರೆಲ್ಲ ಅಲ್ಲಿ ಸೇರುತ್ತಿದ್ದೆವು. ಹೋಟೆಲಿಗೆ ಬರುತ್ತಿದ್ದುದು ಒಂದೇ ಪತ್ರಿಕೆ. ಅದನ್ನು ಹಾಳೆ ಹಾಳೆಯಾಗಿ ಬಿಡಿಸಿ ಹಂಚಿಕೊಂಡು ಓದುತ್ತಿದ್ದೆವು. ಮೊದಲ ಪುಟ ಸಿಕ್ಕವನು ಆ ದಿನದ ಪಂಡಿತ.

ನನ್ನ ತಂದೆ ಗೇಣಿದಾರರು. ಎರಡು ಎಕರೆ ಗದ್ದೆಯನ್ನು ತಾತನ ಕಾಲದಿಂದ ಉಳುತ್ತಿದ್ದರೂ ಅದು ನಮ್ಮದಾಗಿರಲಿಲ್ಲ. ಸುಗ್ಗಿಯಾದೊಡನೆ ಒಡೆಯರ ಪಾಲಿನ ಭತ್ತ ಅಳೆದು ಕೊಟ್ಟ ಮೇಲೆ ಉಳಿದುದರಲ್ಲಿ ಮಳೆಗಾಲ ದಾಟಬೇಕಿತ್ತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದದ್ದು 1974ರಲ್ಲಿ. ಉಳುವವನೇ ಹೊಲದೊಡೆಯ ಎಂಬ ಮಾತು ಅದುವರೆಗೆ ಭಾಷಣದಲ್ಲಿತ್ತು. ಈಗ ಅರ್ಜಿಯ ನಮೂನೆಯಾಗಿ ಬಂತು. ಫಾರಂ ನಂಬರ್ 7. ಅದನ್ನು ತುಂಬಿ ಕೊಟ್ಟರೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಹಕ್ಕು ಕೊಡುತ್ತಿತ್ತು. ನಮಗೂ ಕೊಟ್ಟಿತು. ಆ ದಿನ ತಂದೆ ಮನೆಗೆ ಬಂದು ಮಾತಾಡದೆ ಗದ್ದೆಯ ಬದುವಿನ ಮೇಲೆ ಒಂದು ಸುತ್ತು ನಡೆದುಬಂದರು. ಅವರ ಹಿಂದೆ ನಾನೂ ನಡೆದೆ. ಅಂದಿನಿಂದ ಅರಸರ ಪಕ್ಷವೇ ನನ್ನ ಪಕ್ಷ. ಇಂದಿರಾ ಗಾಂಧಿಯವರ ಚಿತ್ರ ನಮ್ಮ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕದಲ್ಲಿತ್ತು.

ನನ್ನ ಗೆಳೆಯನ ಮನೆಯ ಕಥೆ ಬೇರೆ. ಅವನ ಅಣ್ಣ ಬೀರೂರು ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸಗಾರ. ಅದೇ 1974ರ ಮೇ ತಿಂಗಳಲ್ಲಿ ದೇಶದಾದ್ಯಂತ ರೈಲ್ವೆ ಮುಷ್ಕರ ನಡೆಯಿತು. ಮುಂದಾಳು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ ಹುಟ್ಟಿ, ಗುರುವಾಗಲೆಂದು ಬೆಂಗಳೂರಿನ ಗುರುಮಠಕ್ಕೆ ಸೇರಿ, ಅಲ್ಲಿಂದ ಹೊರಬಂದು ಮುಂಬಯಿಯ ಕಾರ್ಮಿಕರ ನಡುವೆ ನಾಯಕರಾದವರು. ನಮ್ಮ ಓದುಗರಲ್ಲಿ ಹಿರಿಯರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಮುಷ್ಕರವನ್ನು ಸರ್ಕಾರ ಸುಮಾರು 20 ದಿನಗಳಲ್ಲಿ ಮುರಿಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಗೆಳೆಯನ ಅಣ್ಣ ಅವರಲ್ಲೊಬ್ಬ. ಮೂರು ವರ್ಷ ಆ ಮನೆಯಲ್ಲಿ ಒಲೆ ಹೇಗೆ ಉರಿಯಿತೋ ನಾನು ಕಣ್ಣಾರೆ ಕಂಡವನು. 1977ರಲ್ಲಿ ಜನತಾ ಸರ್ಕಾರ ಬಂದು ಮುಷ್ಕರದಲ್ಲಿ ಕೆಲಸ ಹೋದವರನ್ನು ಮರಳಿ ತೆಗೆದುಕೊಂಡಿತು. ಅಣ್ಣ ಮತ್ತೆ ಬೀರೂರಿಗೆ ಹೊರಟ ದಿನ ಅವನ ತಾಯಿ ಊರಿಗೆಲ್ಲ ಬೆಲ್ಲ ಹಂಚಿದರು. ನಮ್ಮ ಮನೆಗೂ ಬಂತು. ಇಂದಿರಾ ಗಾಂಧಿಯವರ ಚಿತ್ರದ ಕೆಳಗೆ ಕುಳಿತೇ ನಾವು ತಿಂದೆವು.

ಹೀಗೆ ಅವನ ರಾಜಕೀಯವಾಗಲಿ ನನ್ನ ರಾಜಕೀಯವಾಗಲಿ ಪುಸ್ತಕದಿಂದ ಬಂದುದಲ್ಲ. ಎರಡೂ ಅನ್ನದ ಪಾತ್ರೆಯಿಂದ ಎದ್ದುಬಂದವು. ಇದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಆ ವಯಸ್ಸಿನಲ್ಲಿ ನಾವಿಬ್ಬರೂ ಸಿದ್ಧಾಂತಕ್ಕಾಗಿ ಜಗಳವಾಡುತ್ತಿದ್ದೇವೆಂದೇ ನಂಬಿದ್ದೆವು.

ಗೆಳೆಯನ ತಂದೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅವರು ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಹಾಜರಿ, ಬಟವಾಡೆ, ಗೋದಾಮಿನ ಲೆಕ್ಕ ಎಲ್ಲ ಅವರದೇ ಕೈಬರಹ. ಊರಿನಲ್ಲಿ ಎಲ್ಲರೂ ಅವರನ್ನು ರೈಟರು ಎಂದೇ ಕರೆಯುತ್ತಿದ್ದರು. ಕೆಲಸ ಬಿಟ್ಟ ಮೇಲೂ ಹಾಗೆಯೇ. ಬಿಳಿ ಪಂಚೆ, ಅಂಗಿಯ ಜೇಬಿನಲ್ಲಿ ಒಂದು ಮಸಿಪೆನ್ನು. ಸಂಜೆ ಹೋಟೆಲಿಗೆ ಬಂದು ಮೂಲೆಯ ಬೆಂಚಿನಲ್ಲಿ ಕುಳಿತು, ನಾವೆಲ್ಲ ಓದಿ ಬಿಟ್ಟ ಪತ್ರಿಕೆಯ ಹಾಳೆಗಳನ್ನು ಪುಟಸಂಖ್ಯೆಯ ಪ್ರಕಾರ ಜೋಡಿಸಿ, ಮಡಿಕೆಗಳನ್ನು ಕೈಯಿಂದ ತಿದ್ದಿ, ಮೊದಲಿನಿಂದ ಓದಲು ತೊಡಗುತ್ತಿದ್ದರು. ನಮ್ಮ ವಾದಗಳಲ್ಲಿ ಬಾಯಿ ಹಾಕುತ್ತಿರಲಿಲ್ಲ. ಒಮ್ಮೆ ಮಾತ್ರ ಹಾಕಿದ್ದು ನೆನಪಿದೆ. 1972ರ ಡಿಸೆಂಬರಿನ ಕೊನೆಯಲ್ಲಿ ರಾಜಾಜಿಯವರು ತೀರಿಕೊಂಡಾಗ, ಬದುಕಿಡೀ ಅವರನ್ನು ವಿರೋಧಿಸಿದ ಪೆರಿಯಾರ್ ರಾಮಸ್ವಾಮಿಯವರು ಗಾಲಿಕುರ್ಚಿಯಲ್ಲಿ ಅಂತ್ಯಕ್ರಿಯೆಗೆ ಬಂದು ಅತ್ತರು. ಆ ಸುದ್ದಿಯನ್ನು ರೈಟರು ನಮಗೆ ಓದಿ ಹೇಳಿ, ಕನ್ನಡಕ ಒರೆಸಿಕೊಂಡು, "ಇಬ್ಬರೂ ಒಬ್ಬರ ಮಾತನ್ನ ಒಬ್ಬರು ಒಪ್ಪಿದ್ದು ನಾನು ಓದಿಲ್ಲ ಮಕ್ಕಳೇ" ಎಂದರು. ಅಷ್ಟೇ. ಮತ್ತೆ ಓದತೊಡಗಿದರು.

ಅವರು ತೋಟದ ಕೆಲಸ ಬಿಟ್ಟದ್ದು ಏಕೆಂದು ಊರಿಗೆ ಗೊತ್ತಿರಲಿಲ್ಲ. ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ಎಲ್ಲರೂ ತಿಳಿದಿದ್ದರು. ನಿಜವೇನೆಂದು ಗೆಳೆಯ ನನಗೊಬ್ಬನಿಗೆ ಹೇಳಿದ್ದ. ಹೊಳೆಯ ಕಾಲುಸಂಕದ ಮೇಲೆ ಕುಳಿತು, ಕತ್ತಲಾದ ಮೇಲೆ, ನನ್ನ ಮುಖ ನೋಡದೆ ಹೇಳಿದ. ಗೋದಾಮಿನಲ್ಲಿ ಎರಡು ಮೂಟೆ ಕಾಫಿಯಷ್ಟು ತೂಕ ಕಡಿಮೆ ಬಂತಂತೆ. ಕಾಫಿಯ ವ್ಯವಹಾರ ಬಲ್ಲವರಿಗೆ ಗೊತ್ತು, ಕಣದಲ್ಲಿ ಒಣಗಿದಂತೆಲ್ಲ ತೂಕ ಇಳಿಯುತ್ತದೆ. ಹಸಿಯಿದ್ದಾಗ ತೂಗಿ ಬರೆದುದಕ್ಕೂ ಒಣಗಿದ ಮೇಲೆ ತೂಗಿದುದಕ್ಕೂ ತಾಳೆಯಾಗದು. ಹೊಸದಾಗಿ ಬಂದ ಮ್ಯಾನೇಜರನಿಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ. ಪೊಲೀಸಿಗೆ ಕೊಡುವುದಿಲ್ಲ, ಆದರೆ ನಾಳೆಯಿಂದ ಬರಬೇಡ ಎಂದನಂತೆ. ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ಮನುಷ್ಯ ಲೆಕ್ಕದಲ್ಲೇ ಕಳ್ಳನೆನಿಸಿಕೊಂಡು ಮನೆಗೆ ಬಂದರು. "ಅಪ್ಪ ತೆಗೆದಿಲ್ಲ ಕಣೋ" ಎಂದ ಗೆಳೆಯ. "ನನಗೆ ಗೊತ್ತು ಮಾರಾಯ" ಎಂದೆ ನಾನು. ಆ ಮಾತು ನಮ್ಮಿಬ್ಬರಲ್ಲೇ ಉಳಿಯುವುದೆಂದು ಬೇರೆ ಹೇಳಬೇಕಾಗಿರಲಿಲ್ಲ.

ಇನ್ನು 1978ಕ್ಕೆ ಬರುತ್ತೇನೆ. ಹಿಂದಿನ ವರ್ಷ ಇಂದಿರಾ ಗಾಂಧಿಯವರು ರಾಯಬರೇಲಿಯಲ್ಲಿ ಸೋತಿದ್ದರು. ಉತ್ತರ ಭಾರತ ಅವರ ಪಕ್ಷವನ್ನು ಗುಡಿಸಿಹಾಕಿದಾಗಲೂ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಅವರಿಗೇ ಕೊಟ್ಟಿತ್ತು. ಆದ್ದರಿಂದ ಲೋಕಸಭೆಗೆ ಮರಳುವ ದಾರಿಯನ್ನು ಅವರು ಇಲ್ಲಿಂದಲೇ ಹುಡುಕಿದರು. ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ. ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು. ಜನತಾ ಪಕ್ಷದಿಂದ ಎದುರು ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಅವರ ಪರವಾಗಿ ಪ್ರಚಾರಕ್ಕೆ ಬಂದು ಕುಳಿತವರು ಆಗ ಕೇಂದ್ರದಲ್ಲಿ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್. ಅದುವರೆಗೆ ಹೊರಗಿನವರು ಕಾಫಿಗಾಗಿ ಮಾತ್ರ ಕೇಳಿ ಬಲ್ಲ ನಮ್ಮ ಜಿಲ್ಲೆಗೆ ಪರದೇಶದ ಪತ್ರಕರ್ತರೂ ಬಂದರು. ತೋಟದ ಕಚ್ಚಾ ರಸ್ತೆಗಳಲ್ಲಿ ಕಾರುಗಳ ಸಾಲು. ಕಾಫಿ ಹಣ್ಣಿನ ಕೊಯ್ಲಿಗೆ ಕೈ ಹಚ್ಚುವ ಕಾಲ. ಆಳುಗಳು ಬುಟ್ಟಿ ಕೆಳಗಿಟ್ಟು ರಸ್ತೆಗೆ ಓಡುತ್ತಿದ್ದರು.

ಬೈಗುಳವೂ ಬಂತು. ಒಂದು ಹೆಣ್ಣು ಸಿಂಹ, ಎದುರಿಗೆ ನೂರು ಮಂಗ ಎಂಬ ಅರ್ಥದ ಹಿಂದಿ ಘೋಷಣೆ ಕಾಂಗ್ರೆಸ್ಸಿನವರದು. ಹಿಂದಿ ಬಾರದ ನಾವೂ ಅದನ್ನು ಕಂಠಪಾಠ ಮಾಡಿ ಕೂಗಿದೆವು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗ ಕೂಗುವುದರಲ್ಲಿ ಒಂದು ಸುಖವಿತ್ತು. ಎದುರಿಗಿರುವವನು ಮನುಷ್ಯನಲ್ಲ, ಮಂಗ ಎಂದುಕೊಂಡ ಮೇಲೆ ಅವನ ಪ್ರಶ್ನೆಗೆ ಉತ್ತರ ಕೊಡುವ ತೊಂದರೆಯೇ ಇಲ್ಲವಲ್ಲ.

ಮತದಾನಕ್ಕೆ ಇನ್ನು ಮೂರ್ನಾಲ್ಕು ದಿನಗಳಿದ್ದವು. ಸಂಜೆ ಹೋಟೆಲು ತುಂಬಿತ್ತು. ಗೆಳೆಯ ಆ ದಿನ ಚೆನ್ನಾಗಿ ಮಾತಾಡಿದ. ಇಂದು ನ್ಯಾಯವಾಗಿ ಹೇಳುವುದಾದರೆ, ನನಗಿಂತ ಚೆನ್ನಾಗಿ ಮಾತಾಡಿದ. ತುರ್ತುಪರಿಸ್ಥಿತಿಯ ಮಾತೆತ್ತಿದ. ಜಾರ್ಜ್ ತಲೆಮರೆಸಿಕೊಂಡಿದ್ದಾಗ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು 1976ರಲ್ಲಿ ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ಹಿಂಸಿಸಿದ್ದನ್ನು ಹೇಳಿದ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ನರಳುತ್ತಾ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡದ್ದನ್ನು ಹೇಳಿದ. "ಇದು ದೆಹಲಿಯಲ್ಲಿ ಆಗಿದ್ದಲ್ಲ, ನಿಮ್ಮ ಅರಸರ ಊರಿನಲ್ಲೇ ಆಗಿದ್ದು. ಉತ್ತರ ಹೇಳು" ಎಂದ.

ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ನಾನು ಭೂಸುಧಾರಣೆಯ ಮಾತೆತ್ತಿದೆ. ಗೇಣಿದಾರನ ಮಗನ ಹೊಟ್ಟೆ ಅವನಿಗೆ ಗೊತ್ತಿಲ್ಲವೇ ಎಂದು ಕೇಳಿದೆ. ಅದಕ್ಕೆ ಅವನ ಬಳಿಯೂ ಉತ್ತರವಿರಲಿಲ್ಲ. ಇಬ್ಬರಲ್ಲಿ ಯಾರಾದರೂ ಒಬ್ಬರು ಅಲ್ಲಿಗೆ ನಿಲ್ಲಿಸಿ, ನೀನು ಹೇಳುವುದೂ ಸರಿ ಮಾರಾಯ ಎನ್ನಬಹುದಿತ್ತು. ಹೊಳೆಯ ಸಂಕದ ಮೇಲೆ ನಾವಿಬ್ಬರೇ ಇದ್ದಿದ್ದರೆ ಖಂಡಿತ ಎನ್ನುತ್ತಿದ್ದೆವು. ಆದರೆ ಅಲ್ಲಿ ಹತ್ತು ಹನ್ನೆರಡು ಜನ ಬೆಂಚುಗಳಲ್ಲಿ ಕುಳಿತು ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಕೋಳಿ ಅಂಕದ ಸುತ್ತ ನಿಂತವರ ಕಣ್ಣುಗಳು ಹಾಗಿರುತ್ತವೆ. ಒಬ್ಬ, "ಏನಪ್ಪಾ, ಸುಮ್ಮನಾಗ್ಬಿಟ್ಟೆ?" ಎಂದು ನನ್ನನ್ನು ಕೆಣಕಿದ. ಇನ್ನೊಬ್ಬ ನಕ್ಕ.

ಗೆಳೆಯನಿಗೂ ಆ ನಗೆಯ ಅಮಲೇರಿತ್ತು. "ಎರಡು ಎಕರೆ ಗದ್ದೆ ಕೊಟ್ಟರೆ ಬಾಲ ಅಲ್ಲಾಡಿಸೋ ಜಾತಿ ಇವನದು. ಇವನ ಹತ್ರ ಏನು ಉತ್ತರ?" ಎಂದ.

ಬೆಂಚುಗಳು ನಕ್ಕವು. ನನ್ನ ಕಿವಿ ಬಿಸಿಯಾಯಿತು. ನನ್ನ ತಂದೆ ಬದುವಿನ ಮೇಲೆ ನಡೆದ ಆ ನಡಿಗೆ ಕಣ್ಣಿಗೆ ಬಂತು. ನಾನು ಹುಡುಕಿದ್ದು ಉತ್ತರವನ್ನಲ್ಲ; ಅವನಿಗೆ ಎಲ್ಲಿ ಹೊಡೆದರೆ ಮತ್ತೆ ಏಳಲಾರನೋ ಆ ಜಾಗವನ್ನು. ಅದು ನನಗೊಬ್ಬನಿಗೆ ಗೊತ್ತಿತ್ತು, ಅವನೇ ತೋರಿಸಿದ್ದ. "ಮೊದಲು ನಿಮ್ಮಪ್ಪ ಎರಡು ಮೂಟೆ ಕಾಫಿ ಬೀಜದ ಲೆಕ್ಕ ಕೊಡಲಿ. ಆಮೇಲೆ ನೀನು ದೇಶದ ಲೆಕ್ಕ ಕೇಳು" ಎಂದೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಅರ್ಥವಾಯಿತು. ಎಲ್ಲರ ತಲೆಯೂ ಮೂಲೆಯ ಬೆಂಚಿನ ಕಡೆ ತಿರುಗಿತು.

ರೈಟರು ಅಲ್ಲಿಯೇ ಕುಳಿತಿದ್ದರು. ಅವರಿರುವುದು ನನಗೆ ಮರೆತೇಹೋಗಿತ್ತೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಿರಲೂಬಹುದು. ಅವರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿದರು. ಎಂದಿನಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಮೇಜಿನ ಮೇಲಿಟ್ಟು, ಚಹಾದ ಚಿಲ್ಲರೆಯನ್ನು ಅದರ ಪಕ್ಕದಲ್ಲಿಟ್ಟು, ಹೊರಗೆ ಹೋದರು. ಗೆಳೆಯ ನನ್ನ ಮೇಲೆ ಬೀಳುತ್ತಾನೆಂದು ಎಲ್ಲರೂ ಕಾದರು. ಅವನು ನನ್ನ ಕಡೆ ನೋಡಲೂ ಇಲ್ಲ. ತಂದೆಯ ಹಿಂದೆ ಓಡಿದ.

ರಾತ್ರಿ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ತಲುಪಿತ್ತು. ನನ್ನ ತಂದೆ ಬೈಯಲಿಲ್ಲ. ಟ್ರಂಕು ತೆಗೆದು ಒಂದು ಕಾಗದವನ್ನು ಚಿಮಣಿಯ ಬೆಳಕಿಗೆ ಹಿಡಿದರು. ಫಾರಂ ನಂಬರ್ ಏಳರ ನಕಲು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ತಂದೆಗೆ ಓದು ಬರಹ ಬಾರದು. ಕೆಳಗೆ ಅವರ ಹೆಬ್ಬೆಟ್ಟು.

"ಇದನ್ನ ಬರೆದ ಕೈ ಯಾರದ್ದು, ಗೊತ್ತಲ್ವಾ?" ಎಂದರು.

ಗೊತ್ತಿತ್ತು. ಆ ವರ್ಷ ಊರಿನ ಎಷ್ಟೋ ಗೇಣಿದಾರರಿಗೆ ಅರ್ಜಿ ಬರೆದುಕೊಟ್ಟವರು ರೈಟರು. ಒಡೆಯರ ಕಣ್ಣಿಗೆ ಕೆಟ್ಟವರಾಗುತ್ತೇವೆಂದು ಬೇರೆ ಓದಿದವರು ಹಿಂಜರಿದಾಗ, ರಾತ್ರಿ ನಮ್ಮ ಮನೆಗೆ ಬಂದು ಇದೇ ಚಿಮಣಿಯ ಮುಂದೆ ಕುಳಿತು ಬರೆದಿದ್ದರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅವರಿಗೆ ಕಾಫಿ ಮಾಡಿಕೊಟ್ಟವನು ನಾನೇ. ಯಾವ ಗದ್ದೆಯ ಅಭಿಮಾನಕ್ಕಾಗಿ ನಾನು ಆ ಮಾತಾಡಿದೆನೋ, ಆ ಗದ್ದೆ ನಮಗೆ ಬಂದದ್ದು ಆ ಲೇಖನಿಯಿಂದ.

ಮರುದಿನ ಬೆಳಿಗ್ಗೆಯೇ ಹೋಗಿ ಕಾಲು ಹಿಡಿಯಬೇಕಿತ್ತು. ಓದುಗರು ಹಾಗೆಯೇ ನಿರೀಕ್ಷಿಸಿರಬಹುದು. ನಾನು ಹೋಗಲಿಲ್ಲ. ಅವನೂ ನನ್ನ ಅಪ್ಪನನ್ನು ನಾಯಿಯೆಂದನಲ್ಲ, ಮೊದಲು ಅವನು ಬರಲಿ ಎಂದುಕೊಂಡೆ. ಚುನಾವಣೆ ಮುಗಿಯಲಿ ಎಂದುಕೊಂಡೆ. ಇಂದಿರಾ ಗಾಂಧಿಯವರು 77,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಊರಿನಲ್ಲಿ ಮೆರವಣಿಗೆ ಹೊರಟಿತು, ನಾನೂ ಹೋದೆ. ಮೆರವಣಿಗೆ ರೈಟರ ಮನೆಯ ಮುಂದೆ ಬಂದಾಗ ಬಾಗಿಲು ಮುಚ್ಚಿತ್ತು. ಯಾರೋ ಅಲ್ಲಿ ಒಂದು ಸರ ಪಟಾಕಿ ಹಚ್ಚಿದರು. ನಾನು ಹಚ್ಚಲಿಲ್ಲ, ತಡೆಯಲೂ ಇಲ್ಲ.

ಆಮೇಲೆ ನಡೆದುದನ್ನು ಹಿರಿಯರು ಬಲ್ಲಿರಿ. ಚಿಕ್ಕಮಗಳೂರಿನಿಂದ ಗೆದ್ದುಹೋದ ಇಂದಿರಾ ಗಾಂಧಿಯವರನ್ನು ಡಿಸೆಂಬರಿನಲ್ಲಿಯೇ, ಹಕ್ಕುಚ್ಯುತಿಯ ಕಾರಣಕ್ಕೆ, ಲೋಕಸಭೆ ಹೊರಹಾಕಿ ಸೆರೆಮನೆಗೆ ಕಳುಹಿಸಿತು. ನಾವು ಅಷ್ಟೆಲ್ಲ ಕಚ್ಚಾಡಿದ ಆ ಸ್ಥಾನದಲ್ಲಿ ಅವರು ಕುಳಿತದ್ದು ಒಂದು ತಿಂಗಳು. 1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ಮುರಿದುಬಿತ್ತು. ಅರಸರು ಬೇರೆ ಪಕ್ಷ ಕಟ್ಟಿದರು. ವೀರೇಂದ್ರ ಪಾಟೀಲರೋ, ತಮ್ಮನ್ನು ಸೋಲಿಸಿದವರ ಪಕ್ಷವನ್ನೇ ಸೇರಿ 1980ರಲ್ಲಿ ಅವರ ಸಂಪುಟದಲ್ಲಿ ಮಂತ್ರಿಯಾದರು. 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮುಖ್ಯಮಂತ್ರಿಯೂ ಆದರು. ಸ್ಥಾನ ಬಿಟ್ಟುಕೊಟ್ಟಿದ್ದ ಚಂದ್ರೇಗೌಡರು ಜನತಾ ಸರ್ಕಾರದ ಕಾಲದಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾದರು. ಮುಂದೆ ಕಾಂಗ್ರೆಸ್ ಸರ್ಕಾರದಲ್ಲಿ ಮಂತ್ರಿ. 2009ರಲ್ಲಿ ಭಾರತೀಯ ಜನತಾ ಪಕ್ಷದಿಂದ ಲೋಕಸಭೆಗೆ ಆಯ್ಕೆಯಾದರು. ನಾನು ಇವರ್ಯಾರನ್ನೂ ದೂರುತ್ತಿಲ್ಲ. ರಾಜಕೀಯದಲ್ಲಿ ಬಾಗಿಲು ಮುಚ್ಚುವುದಿಲ್ಲ, ಒರಗಿಸಿಡುತ್ತಾರೆ. ಅದು ಆ ವೃತ್ತಿಯ ವಿವೇಕವೂ ಇರಬಹುದು. ಮುಚ್ಚಿ ಚಿಲಕ ಹಾಕಿಕೊಂಡವರು ನಾವು, ಹೋಟೆಲಿನ ಬೆಂಚಿನವರು.

ಸಭಾಧ್ಯಕ್ಷರ ಮಾತು ಬಂದುದರಿಂದ ಇದೊಂದನ್ನು ಹೇಳುತ್ತೇನೆ. ಸದನದಲ್ಲಿ ಯಾರಾದರೂ ಆಡಬಾರದ ಮಾತಾಡಿದರೆ ಅದನ್ನು ಕಡತದಿಂದ ತೆಗೆಸುವ ಅಧಿಕಾರ ಸಭಾಧ್ಯಕ್ಷರಿಗಿದೆ. ಅಧಿಕೃತ ವರದಿಯಲ್ಲಿ ಆ ಮಾತು ಇರುವುದೇ ಇಲ್ಲ. ಇಂದಿರಾ ಗಾಂಧಿಯವರನ್ನು ಹೊರಹಾಕಿದ ನಿರ್ಣಯವನ್ನು ಕೂಡ 1981ರಲ್ಲಿ ಹೊಸ ಲೋಕಸಭೆ ರದ್ದುಮಾಡಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ.

ಅದೇ 1981ರ ಮಳೆಗಾಲದಲ್ಲಿ ರೈಟರು ತೀರಿಕೊಂಡರು. ಆ ಸಂಜೆಯ ನಂತರ ಅವರು ಹೋಟೆಲಿಗೆ ಕಾಲಿಡಲಿಲ್ಲ. ಪತ್ರಿಕೆ ತರಿಸುವ ಅನುಕೂಲ ಅವರಿಗಿರಲಿಲ್ಲ. ಆದ್ದರಿಂದ ಓದುವುದನ್ನೇ ಬಿಟ್ಟರೆಂದು ಆಮೇಲೆ ತಿಳಿಯಿತು. ಅರ್ಜಿ ಬರೆಸಿಕೊಳ್ಳಲು ಬರುವವರೂ ಕಡಿಮೆಯಾದರು. ಯಾರೂ ಅವರನ್ನು ಕಳ್ಳ ಎನ್ನಲಿಲ್ಲ. ಆದರೆ ಲೆಕ್ಕಪತ್ರದ ಕಾಗದವನ್ನು ಅವರ ಮುಂದೆ ಹಿಡಿಯುವಾಗ ಒಂದು ಸಣ್ಣ ತಡವರಿಕೆ ಬಂತು, ಅಷ್ಟೇ. ಅಷ್ಟೇ ಸಾಕಾಯಿತು. ಒಮ್ಮೆ ಸೊಸೈಟಿಯ ಮುಂದೆ ಸಕ್ಕರೆಯ ಸಾಲಿನಲ್ಲಿ ನನಗೆ ಎದುರಾದರು. ನಾನು ತಲೆ ತಗ್ಗಿಸಿ ಜಾರಿಕೊಳ್ಳುವುದರಲ್ಲಿದ್ದೆ. "ಚೆನ್ನಾಗಿದೀಯೇನಪ್ಪಾ? ಕೆಲಸದ ಆರ್ಡರ್ ಬಂತಾ?" ಎಂದು ಅವರೇ ಕೇಳಿದರು. "ಬಂತು" ಎಂದೆ. "ಒಳ್ಳೇದಾಯ್ತು" ಎಂದರು. ಕೆನ್ನೆಗೆ ಹೊಡೆದಿದ್ದರೆ ನಾನು ಅಂದೇ ಅತ್ತು ಹಗುರಾಗುತ್ತಿದ್ದೆ.

ಶವಯಾತ್ರೆಯಲ್ಲಿ ನಾನು ಕೊನೆಯವನಾಗಿ ನಡೆದೆ. ಗೆಳೆಯ ನನ್ನನ್ನು ಕಂಡ. ತಿರುಗಿ ಹೋಗು ಎನ್ನಲಿಲ್ಲ, ಹತ್ತಿರ ಬಾ ಎನ್ನಲೂ ಇಲ್ಲ.

ಹನ್ನೆರಡು ವರ್ಷ ಹೀಗೆ ಕಳೆಯಿತು. ಅವನು ಹಾಸನದಲ್ಲಿ ನೆಲೆಸಿದ. ನಾನು ಮೇಷ್ಟರಾಗಿ ಊರೂರು ಸುತ್ತಿದೆ. 1993ರಲ್ಲಿ ಚಿಕ್ಕಮಗಳೂರಿನ ಬಸ್ಸಿನಲ್ಲಿ ನಾನು ಕುಳಿತಿದ್ದ ಸೀಟಿನ ಪಕ್ಕದಲ್ಲಿ ಯಾರೋ ಬಂದು ಕುಳಿತರು. ನೋಡಿದರೆ ಅವನು. ಬೇರೆ ಸೀಟು ಖಾಲಿಯಿರಲಿಲ್ಲ. ಕಂಡಕ್ಟರ್ ಬಂದಾಗ ಅವನು ಕಿಟಕಿಯ ಹೊರಗೆ ನೋಡುತ್ತಲೇ, "ಎರಡು ಕೊಡಿ" ಎಂದ. ಅಷ್ಟು ವರ್ಷಗಳ ನಂತರ ಅವನು ನನ್ನ ಕಿವಿಗೆ ಬೀಳುವಂತೆ ಆಡಿದ ಮೊದಲ ಮಾತು ಅದು. ಅಂದಿನಿಂದ ಮದುವೆ ಮುಂಜಿಗಳಿಗೆ ಕರೆಯುವುದು, ಹೋಗುವುದು, ಹಬ್ಬಕ್ಕೆ ಒಂದು ಫೋನು ನಡೆದುಕೊಂಡು ಬಂದವು. ರಾಜಕೀಯ ಮಾತ್ರ ಆಡಲಿಲ್ಲ. ಯಾವ ಚುನಾವಣೆ ಬಂದರೂ ಇಬ್ಬರೂ ಮಳೆಯ ಮಾತು, ಮೆಣಸಿನ ಬೆಲೆಯ ಮಾತು ಆಡಿ ಫೋನು ಇಡುತ್ತಿದ್ದೆವು. ಅದನ್ನು ಎಲ್ಲರೂ ದೊಡ್ಡತನವೆಂದು ಹೊಗಳಿದರು. ನನಗೆ ಹಾಗನ್ನಿಸಲಿಲ್ಲ. ಚರ್ಚಿಸುವ ಇಬ್ಬರ ನಡುವೆ ಒಂದು ನಂಬಿಕೆಯಿರುತ್ತದೆ, ಇವನು ನನ್ನ ಮಾತಿಗೆ ಹೊಡೆಯುತ್ತಾನೆಯೇ ಹೊರತು ನನಗಲ್ಲ ಎಂದು. ನಾವು ಅಷ್ಟು ಸಭ್ಯರಾಗಿದ್ದುದು ಆ ನಂಬಿಕೆ ಹೋಗಿದ್ದುದರಿಂದ.

ಆ ಭಾನುವಾರ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ನೆನೆದೆ. ಮಗ ಹೊರಬಂದು ನಿಂತ. ಅಣ್ಣನ ಸಾಲದ ಸಂಗತಿಯನ್ನು ಅಳಿಯ ಅವನಿಗೆ ಯಾವಾಗ ಹೇಳಿದ್ದನೆಂದು ಕೇಳಿದೆ. "ಹೋದ ಕ್ರಿಸ್‌ಮಸ್ಸಿಗೆ ಬಂದಾಗ, ರಾತ್ರಿ ಮಲಗೋ ಮುಂಚೆ" ಎಂದ. "ನಿನಗೊಬ್ಬನಿಗೇನಾ?" ಎಂದೆ. ಅವನು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋದ. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಸಂಜೆ ಭಾವ ಭಾವಮೈದುನ ಒಂದೇ ಬೈಕಿನಲ್ಲಿ ಮೀನು ತರಲು ಹೋದರು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂದು ಗದ್ದಲ ಅಡಗಿದ ಮೇಲೆ ನಾನು ಹಾಸನಕ್ಕೆ ಹೋದೆ. ಗೆಳೆಯನಿಗೆ ಮಂಡಿನೋವು, ಹೊರಗೆ ಹೋಗುವುದು ಕಡಿಮೆ. ಅವನ ಹೆಂಡತಿ, "ಬನ್ನಿ ಅಣ್ಣ, ನಿಮ್ಮ ಸ್ನೇಹಿತರಿಗೆ ಬೇಜಾರು ಹಿಡಿದುಹೋಗಿದೆ" ಎಂದು ಕೂರಿಸಿ ಕಾಫಿ ತರಲು ಒಳಗೆ ಹೋದರು. ಟೀಪಾಯಿಯ ಮೇಲೆ ಆ ದಿನದ ಪತ್ರಿಕೆ. ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದ. ಅದನ್ನು ನೋಡಿದ ಮೇಲೆ ನನಗೆ ಬೇರೆ ಮಾತು ಹುಡುಕಲಾಗಲಿಲ್ಲ.

"ಆವತ್ತು ಹೋಟೆಲಿನಲ್ಲಿ ನಾನು ಹೇಳಿದ್ದು..." ಎಂದೆ.

ಅವನು ಕೈಯೆತ್ತಿದ. ಬಹಳ ಹೊತ್ತು ಸುಮ್ಮನಿದ್ದ.

"ನಾನೂ ನಿಮ್ಮಪ್ಪನ್ನ ಅಂದೆ. ಅವರು ಇರೋವಾಗಲೇ ಹೋಗಿ ಕೇಳಿಕೊಂಡೆ" ಎಂದ. ಈ ಸಂಗತಿ ನನಗೆ ತಿಳಿದೇ ಇರಲಿಲ್ಲ. ನನ್ನ ತಂದೆ ತೀರಿಕೊಂಡದ್ದು 1988ರಲ್ಲಿ. ಅವನು ಯಾವಾಗ ಬಂದಿದ್ದನೋ, ಅವರು ಏನು ಹೇಳಿದರೋ. ಇಬ್ಬರೂ ನನಗೆ ಹೇಳಲಿಲ್ಲ.

"ನನ್ನನ್ನ ಕ್ಷಮಿಸು" ಎಂದೆ.

"ನನಗೆ ಅಂದಿದ್ದನ್ನ ಬಸ್ಸಿನಲ್ಲೇ ಬಿಟ್ಟೆ ಕಣೋ. ಅಪ್ಪನಿಗೆ ಅಂದಿದ್ದು ನನ್ನ ಕೈಲಿಲ್ಲ. ಅದನ್ನ ನಾನು ಹೇಗೆ ಬಿಡಲಿ?" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಇದು ಈ ಪುಟದ್ದಲ್ಲ ಎಂದು ತೋರಿಸುವವನ ಹಾಗೆ, ಮೆಲ್ಲಗೆ ಹೇಳಿದ.

ಕಾಫಿ ಬಂತು. ಇಬ್ಬರೂ ಕುಡಿದೆವು. ಹೊರಗೆ ಮಳೆ ಹಿಡಿದಿತ್ತು. ಇನ್ನು ಹೊರಡುತ್ತೇನೆಂದು ನಾನು ಕೊಡೆಗೆ ಕೈಹಾಕಿದಾಗ ಅವನು ಪತ್ರಿಕೆಯನ್ನು ತನ್ನ ಕಡೆಗೆಳೆದುಕೊಂಡು, "ಕೂತ್ಕೋ. ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು" ಎಂದ. ನನ್ನೆದೆ ಧಸಕ್ಕೆಂದಿತು.

"ವೀರೇಂದ್ರ ಪಾಟೀಲರು ಕಾಯಿಲೆ ಮಲಗಿದ್ದಾಗ, ತೊಂಬತ್ತರಲ್ಲಿ, ನಿಮ್ಮವರು ಅವರನ್ನ ವಿಮಾನ ನಿಲ್ದಾಣದಲ್ಲಿ ನಿಂತು ತೆಗೆದುಹಾಕಿದರಲ್ಲ, ಅದು ಸರಿಯಾ?"

ಸರಿಯಲ್ಲ ಎಂದೆ. ಆದರೆ ಪಾಟೀಲರು ಎಪ್ಪತ್ತೆಂಟರಲ್ಲಿ ಬೈದ ಪಕ್ಷಕ್ಕೇ ಹೋಗಿ ಸೇರಿದ್ದು ಸರಿಯೇ ಎಂದು ಕೇಳಿದೆ. ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತ. ಹಾಗಾದರೆ ಅರಸರು ಮಾಡಿದ್ದೇನು ಎಂದ. ಅರಸರ ಮಾತು ಬೇರೆ ಎಂದೆ. ಹೇಗೆ ಬೇರೆ ಎಂದು ಮೇಜು ಕುಟ್ಟಿದ. ಇಬ್ಬರ ಧ್ವನಿಯೂ ಏರಿರಬೇಕು, ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು ನಮ್ಮಿಬ್ಬರ ಮುಖವನ್ನೂ ಗಾಬರಿಯಿಂದ ನೋಡಿದರು. "ಏನೂ ಇಲ್ಲ, ಇನ್ನೊಂದು ಲೋಟ ಕಾಫಿ ಕೊಡು ಇವನಿಗೆ" ಎಂದ ಗೆಳೆಯ. ನಾನು ಕೊಡೆಯನ್ನು ಮತ್ತೆ ಗೋಡೆಗೆ ಒರಗಿಸಿಟ್ಟೆ.